ಹುಲಿಗಿ ಹುಣ್ಣಿಮೆಗೆ ಎಷ್ಟು ಮಾರ್ಕ್ಸ್? ಊರುಗಳ ಆರ್ಥಿಕ ಪೈಪೋಟಿ ಅಳೆಯೋದು ಹೇಗೆ

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಕೊಡಲಾಗಿದೆ.

 

ಇವತ್ತಿನ ವಿಷಯಕ್ಕೆ ಕಾರಣ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್. ಅವರು ಕುಷ್ಟಗಿ ಕಡೆಯವರು, ಕೆಲಸ ಬೆಂಗಳೂರಿನಲ್ಲಿ. "ಅಣ್ಣಾ, ಯಾವಾಗ ನೋಡಿದ್ರೂ ಈ ಸಿಟಿ ನಂಬರ್ ಒನ್, ಆ ಸಿಟಿ ನಂಬರ್ ಟೂ ಅಂತ ಪಟ್ಟಿ ಬರ್ತಾವು. ನಮ್ಮ ಕೊಪ್ಪಳ, ಗಂಗಾವತಿ ಎಷ್ಟನೇ ನಂಬರಿಗೆ ಅದಾವು? ಯಾರರ ಅಳದಾರೇನು?"

ಒಳ್ಳೇ ಪ್ರಶ್ನೆ. ಒಂದು ಊರು ಆರ್ಥಿಕವಾಗಿ ಎಷ್ಟು ಗಟ್ಟಿ, ಬೇರೆ ಊರಿನ ಜೊತೆ ಪೈಪೋಟಿ ಮಾಡೋ ತಾಕತ್ತು ಎಷ್ಟು ಅನ್ನೋದನ್ನ ಹೇಗೆ ಅಳೀತಾರೆ? ಆ ಅಳತೆ ನಮ್ಮಂಥ ಊರುಗಳ ಬಗ್ಗೆ ಏನು ಹೇಳುತ್ತೆ, ಏನನ್ನ ಬಿಟ್ಟುಬಿಡುತ್ತೆ? ನಾನು ಬಿಕಾಂ ಓದಿದವನು, ಊರು ಹುಲಿಗಿ. ಹಾಗಾಗಿ ಲೆಕ್ಕವೂ ಇರುತ್ತೆ, ಹುಲಿಗೆಮ್ಮನ ಜಾತ್ರೆಯೂ ಇರುತ್ತೆ.

ಪಟ್ಟಿಯಲ್ಲಿ ನಾವು ಎಲ್ಲಿ?

ಮೊದಲು ನೇರ ಉತ್ತರ. ದೊಡ್ಡ ಪಟ್ಟಿಗಳಲ್ಲಿ ನಮ್ಮೂರು ಮೇಲೂ ಇಲ್ಲ, ಕೆಳಗೂ ಇಲ್ಲ. ಪಟ್ಟಿಯಲ್ಲೇ ಇಲ್ಲ.

ಒಂದು ಉದಾಹರಣೆ ನೋಡ್ರಿ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಈಸ್ ಆಫ್ ಲಿವಿಂಗ್ ಸೂಚ್ಯಂಕ ಬಿಡುಗಡೆ ಮಾಡಿತು. ಅಂದರೆ ಯಾವ ನಗರದಲ್ಲಿ ಬದುಕು ಎಷ್ಟು ಸಲೀಸು ಅನ್ನೋ ಅಳತೆ. ಅದರಲ್ಲಿ ಆರ್ಥಿಕ ಸಾಮರ್ಥ್ಯಕ್ಕೂ ಒಂದು ಭಾಗ ಇತ್ತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಲ್ಲಿ ಬೆಂಗಳೂರು ಮೊದಲು ಬಂತು. ಅದಕ್ಕಿಂತ ಸಣ್ಣ ನಗರಗಳಲ್ಲಿ ಶಿಮ್ಲಾ ಮೊದಲು. ನಮ್ಮ ಸ್ಟೇಟಸ್‌ಗಳಲ್ಲೆಲ್ಲ ಬೆಂಗಳೂರಿನ ಫೋಟೋ ಓಡಾಡಿದ್ದು ನೆನಪಿರಬಹುದು.

ಆ ಸಲ ಅಳೆದದ್ದು 111 ನಗರಗಳನ್ನ. ಆಯ್ಕೆ ಹೇಗೆ? ಒಂದೋ ಹತ್ತು ಲಕ್ಷ ಜನಸಂಖ್ಯೆ ಇರಬೇಕು, ಇಲ್ಲಾ ಸ್ಮಾರ್ಟ್ ಸಿಟಿ ಯೋಜನೆಯಲ್ಲಿರಬೇಕು. ಕರ್ನಾಟಕದ ಸ್ಮಾರ್ಟ್ ಸಿಟಿಗಳು ಯಾವುವು? ಬೆಂಗಳೂರು, ತುಮಕೂರು, ದಾವಣಗೆರೆ, ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ. ಏಳು. ಈ ಏಳರಲ್ಲಿ ಕಲ್ಯಾಣ ಕರ್ನಾಟಕದ ಒಂದೇ ಒಂದು ಊರು ಇಲ್ಲ. ಕಲಬುರಗಿ, ಬಳ್ಳಾರಿ, ರಾಯಚೂರೇ ಇಲ್ಲ ಅಂದ ಮೇಲೆ ಕೊಪ್ಪಳದ ಮಾತು ದೂರವೇ ಉಳಿತು.

ಪರೀಕ್ಷೆಗೇ ಕೂರಿಸದ ಹುಡುಗ ಪಾಸೋ ಫೇಲೋ ಅಂತ ಕೇಳಿದ ಹಾಗಾಯ್ತು ಇದು. ಅಳೆಯದ ಊರಿನ ಬಗ್ಗೆ ಯಾರೂ ಚರ್ಚೆ ಮಾಡಲ್ಲ. ಚರ್ಚೆ ಇಲ್ಲದ ಕಡೆ ದುಡ್ಡು ಬರೋದು ನಿಧಾನ.

ಊರು ಅಂದ್ರೆ ಕಂಪನಿಯಾ?

ಪೈಪೋಟಿ ಅನ್ನೋ ಪದವನ್ನ ಸ್ವಲ್ಪ ಬಿಡಿಸೋಣ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1990ರಲ್ಲಿ ದೇಶಗಳ ಪೈಪೋಟಿ ಸಾಮರ್ಥ್ಯದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅವರ ವಾದದ ತಿರುಳು ಹೀಗೆ: ಒಂದು ಜಾಗದ ಶಕ್ತಿ ಇರೋದು ಅಗ್ಗದ ಕೂಲಿಯಲ್ಲೋ ನೆಲದೊಳಗಿನ ಅದಿರಲ್ಲೋ ಅಲ್ಲ, ಉತ್ಪಾದಕತೆಯಲ್ಲಿ. ಅಂದ್ರೆ ಒಬ್ಬ ಮನುಷ್ಯ ಒಂದು ದಿನದ ದುಡಿಮೆಯಲ್ಲಿ ಎಷ್ಟು ಮೌಲ್ಯ ಹುಟ್ಟಿಸ್ತಾನೆ ಅನ್ನೋದು. ಒಂದೇ ಕಸುಬಿನವರು ಒಂದೇ ಕಡೆ ಸೇರಿದಾಗ ಅದು ಹೆಚ್ಚುತ್ತೆ ಅಂತಲೂ ಅವರು ಹೇಳಿದರು. ಇದನ್ನ ಕ್ಲಸ್ಟರ್ ಅಂತೀವಿ. ಗಂಗಾವತಿ-ಕಾರಟಗಿ ಕಡೆ ರೈಸ್ ಮಿಲ್ಲುಗಳು ಸಾಲಾಗಿ ನಿಂತಿವೆಯಲ್ಲ, ಅದೇ ಕ್ಲಸ್ಟರ್. ಮಿಲ್ ಇದ್ದಲ್ಲಿ ಮೆಕ್ಯಾನಿಕ್ ಬರ್ತಾನೆ, ಗೋಣಿಚೀಲದ ವ್ಯಾಪಾರಿ ಬರ್ತಾನೆ, ಲಾರಿ ಆಫೀಸು ಬರುತ್ತೆ, ದಲಾಲಿ ಅಂಗಡಿ ಬರುತ್ತೆ. ಹೊಸದಾಗಿ ಮಿಲ್ ಹಾಕೋನು ಎಲ್ಲವನ್ನೂ ಶೂನ್ಯದಿಂದ ಶುರು ಮಾಡಬೇಕಿಲ್ಲ.

ಆದ್ರೆ ನಾಲ್ಕೇ ವರ್ಷದಲ್ಲಿ, 1994ರಲ್ಲಿ, ಇನ್ನೊಬ್ಬ ದೊಡ್ಡ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಈ ಪೈಪೋಟಿ ಅನ್ನೋ ಹುಚ್ಚು ಅಪಾಯಕಾರಿ ಅಂತ ಬರೆದರು. ಅವರು ಹೇಳಿದ್ದು ಇಷ್ಟೇ: ಕಂಪನಿ ಸೋತರೆ ಬಾಗಿಲು ಹಾಕುತ್ತೆ, ದೇಶ ಬಾಗಿಲು ಹಾಕೋಕಾಗಲ್ಲ. ಪೆಪ್ಸಿ ಗೆದ್ದರೆ ಕೋಕ್‌ಗೆ ನಷ್ಟ ಇರಬಹುದು. ಒಂದು ದೇಶ ಬೆಳೆದರೆ ಇನ್ನೊಂದಕ್ಕೆ ನಷ್ಟ ಅಂತೇನಿಲ್ಲ, ಅದು ಇವರ ಸರಕನ್ನೇ ಕೊಳ್ಳೋ ಗಿರಾಕಿ ಆಗಬಹುದು.

ಇಬ್ಬರ ಮಾತನ್ನೂ ಇಟ್ಟುಕೊಂಡು ನಮ್ಮೂರನ್ನ ನೋಡ್ರಿ. ದೇಶ ಬಿಟ್ಟು ಹೋಗೋಕೆ ಪಾಸ್‌ಪೋರ್ಟ್, ವೀಸಾ ಬೇಕು. ಊರು ಬಿಟ್ಟು ಹೋಗೋಕೆ ಒಂದು ಬಸ್ ಟಿಕೆಟ್ ಸಾಕು. ಅದಕ್ಕೇ ಊರಿನ ವಿಷಯದಲ್ಲಿ ಪೈಪೋಟಿ ಅನ್ನೋದು ಸುಳ್ಳಲ್ಲ. ಊರಿಗೆ ಯಾರೂ ಬೀಗ ಹಾಕಲ್ಲ, ಖರೆ. ಆದ್ರೆ ಅದರೊಳಗಿನ ಜನ, ಅದರಲ್ಲೂ 20ರಿಂದ 35 ವಯಸ್ಸಿನವರು, ಸದ್ದಿಲ್ಲದೆ ಖಾಲಿಯಾಗ್ತಾ ಹೋಗ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟು ಮನೆಗೆ ಬೀಗ ಬಿದ್ದಿರುತ್ತೆ ಅಂತ ನಿಮಗೇ ಗೊತ್ತು.

ಸೂಚ್ಯಂಕದ ಅಡುಗೆ

ಈಗ ಅಳೆಯೋ ವಿಧಾನ. ಸೂಚ್ಯಂಕ ಅಂದ್ರೆ ಮಂತ್ರ ಏನಲ್ಲ, ಅಡುಗೆ ಇದ್ದ ಹಾಗೆ. ಮೂರು ಹಂತ.

ಒಂದು, ಯಾವ ಯಾವ ಸಾಮಾನು ಹಾಕಬೇಕು ಅಂತ ಆರಿಸೋದು. ತಲಾ ಆದಾಯ, ಉದ್ಯೋಗ, ಬ್ಯಾಂಕ್ ಸಾಲ, ರಸ್ತೆ, ಕರೆಂಟು, ಕಾಲೇಜು, ಆಸ್ಪತ್ರೆ ಹೀಗೆ. ಎರಡು, ಎಲ್ಲವನ್ನೂ ಒಂದೇ ಅಳತೆಗೆ ತರೋದು. ಆದಾಯ ರೂಪಾಯಿಯಲ್ಲಿರುತ್ತೆ, ರಸ್ತೆ ಕಿಲೋಮೀಟರಿನಲ್ಲಿ. ಅವನ್ನ ಹಾಗೇ ಕೂಡಿಸೋಕಾಗಲ್ಲ. ಅದಕ್ಕೇ ಎಲ್ಲಕ್ಕಿಂತ ಮುಂದಿರೋ ಊರಿಗೆ 10, ಹಿಂದಿರೋ ಊರಿಗೆ 0, ಉಳಿದವಕ್ಕೆ ನಡುವಿನ ಅಂಕ ಅಂತ ಕೊಡ್ತಾರೆ. ಮೂರು, ಯಾವುದಕ್ಕೆ ಎಷ್ಟು ತೂಕ ಅಂತ ತೀರ್ಮಾನಿಸೋದು. ಉಪ್ಪು ಎಷ್ಟು, ಖಾರ ಎಷ್ಟು ಅನ್ನೋ ಹಾಗೆ.

ಆಟ ಇರೋದೇ ಮೂರನೇ ಹಂತದಲ್ಲಿ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ, ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಎರಡು ಊರು. ಮೊದಲನೇದು ಕಾರ್ಖಾನೆ ಊರು: ಬಂಡವಾಳ ಹೂಡಿಕೆಗೆ 9 ಅಂಕ, ಸ್ಥಳೀಯ ಉದ್ಯೋಗಕ್ಕೆ 5, ಗಾಳಿ-ನೀರಿಗೆ 3. ಎರಡನೇದು ಪೇಟೆ ಊರು: ಹೂಡಿಕೆಗೆ 4, ಉದ್ಯೋಗಕ್ಕೆ 6, ಗಾಳಿ-ನೀರಿಗೆ 8.

ಹೂಡಿಕೆಗೆ ಶೇ 60, ಉಳಿದ ಎರಡಕ್ಕೂ ತಲಾ ಶೇ 20 ತೂಕ ಕೊಟ್ಟರೆ ಕಾರ್ಖಾನೆ ಊರಿಗೆ 7, ಪೇಟೆ ಊರಿಗೆ 5.2. ಕಾರ್ಖಾನೆ ಊರು ಭರ್ಜರಿ ಗೆಲುವು. ಈಗ ಮೂರಕ್ಕೂ ಸಮ ತೂಕ ಕೊಡ್ರಿ. ಕಾರ್ಖಾನೆ ಊರಿಗೆ ಸುಮಾರು 5.7, ಪೇಟೆ ಊರಿಗೆ 6. ಗೆದ್ದೋರು ಬದಲು! ಎರಡೂ ಊರಲ್ಲಿ ಒಂದು ಇಟ್ಟಿಗೆಯೂ ಅಲುಗಾಡಿಲ್ಲ. ಬದಲಾಗಿದ್ದು ಅಳೆಯೋನ ಮನಸ್ಸು ಮಾತ್ರ. ಹಾಗಾಗಿ ಯಾವುದೇ ರ್‍ಯಾಂಕಿಂಗ್ ನೋಡಿದ ತಕ್ಷಣ, ಮೊದಲು ಬಂದೋರು ಯಾರು ಅನ್ನೋದಕ್ಕಿಂತ ತೂಕ ಹಾಕಿದೋರು ಯಾರು ಅಂತ ಕೇಳ್ರಿ.

ಇದು ಸಣ್ಣ ಸಂಗತಿ ಅನ್ಕೋಬೇಡಿ. ವಿಶ್ವ ಬ್ಯಾಂಕಿನ ಡೂಯಿಂಗ್ ಬ್ಯುಸಿನೆಸ್ ಪಟ್ಟಿಯಲ್ಲಿ ಭಾರತ ಕೆಲವೇ ವರ್ಷಗಳಲ್ಲಿ 142ನೇ ಸ್ಥಾನದಿಂದ 63ಕ್ಕೆ ಜಿಗಿಯಿತು. ಆದ್ರೆ ಇಡೀ ಭಾರತಕ್ಕೆ ಅವರು ಅಳೆದದ್ದು ಎರಡೇ ನಗರ, ದೆಹಲಿ ಮತ್ತು ಮುಂಬೈ. ಕುಕನೂರಿನಲ್ಲಿ ಹಿಟ್ಟಿನ ಗಿರಣಿ ಹಾಕೋನಿಗೆ ಕರೆಂಟ್ ಕನೆಕ್ಷನ್ ಎಷ್ಟು ದಿನಕ್ಕೆ ಸಿಕ್ತು ಅನ್ನೋದು ಆ 63ರಲ್ಲಿ ಇರಲೇ ಇಲ್ಲ. ಮುಂದೆ ಕೆಲವು ದೇಶಗಳ ಅಂಕಿಗಳನ್ನ ತಿದ್ದಿದ್ದು ಬಯಲಾಗಿ 2021ರಲ್ಲಿ ಆ ವರದಿಯನ್ನೇ ವಿಶ್ವ ಬ್ಯಾಂಕ್ ನಿಲ್ಲಿಸಿತು.

ನಮ್ಮನ್ನ ಅಳೆದ ಒಂದು ವರದಿ

ಹಾಗಾದ್ರೆ ನಮ್ಮನ್ನ ಯಾರೂ ಅಳೆದೇ ಇಲ್ವಾ? ಅಳೆದಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ಬಂದ ವರದಿ. ಜಿಲ್ಲೆಯಲ್ಲಿ ನಿಲ್ಲದೆ ತಾಲೂಕಿಗೆ ಇಳಿದು ಅಳೆದದ್ದು ಅದರ ದೊಡ್ಡತನ. ಆಗಿದ್ದ 175 ತಾಲೂಕು, 35 ಸೂಚಕಗಳು. ರಾಜ್ಯದ ಸರಾಸರಿಯನ್ನ 1 ಅಂತ ಇಟ್ಟು, ಅದಕ್ಕಿಂತ ಕಡಿಮೆ ಬಂದವನ್ನ ಹಿಂದುಳಿದವು ಅಂತ ಗುರುತಿಸಿದರು. ಒಟ್ಟು 114 ತಾಲೂಕು ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಹೈದರಾಬಾದ್ ಕರ್ನಾಟಕದವೇ. ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿದ್ದವು. ಈ ಅಂತರ ತುಂಬೋಕೆ ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕು ಅಂತ ಸಮಿತಿ ಹೇಳಿತು.

ಒಂದೇ ಜಿಲ್ಲೆಯೊಳಗೆ ಈ ವ್ಯತ್ಯಾಸ ಯಾಕೆ ಅಂತ ಕೇಳಿದರೆ ಉತ್ತರ ಒಂದೇ ಪದ: ಕಾಲುವೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ ದಾಟಿ ರಾಯಚೂರು ಜಿಲ್ಲೆಗೆ ಹೋಗುತ್ತೆ. ಅದು ಹೋದಲ್ಲೆಲ್ಲ ಭತ್ತ, ಭತ್ತದ ಹಿಂದೆ ಮಿಲ್ಲು, ಮಿಲ್ಲಿನ ಹಿಂದೆ ಬ್ಯಾಂಕು. ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆ ನಂಬಿದ ನೆಲವಾಗೇ ಉಳಿದವು. ಗಂಗಾವತಿ ಪಟ್ಟಣ ಜಿಲ್ಲಾ ಕೇಂದ್ರಕ್ಕಿಂತ ದೊಡ್ಡದಾಗಿ ಬೆಳೆದದ್ದೂ ಇದರಿಂದಲೇ. 2011ರ ಜನಗಣತಿಯಲ್ಲಿ ಕೊಪ್ಪಳ ನಗರದಲ್ಲಿ ಸುಮಾರು 70 ಸಾವಿರ ಜನ, ಗಂಗಾವತಿಯಲ್ಲಿ ಸುಮಾರು 1 ಲಕ್ಷ 14 ಸಾವಿರ.

ಇಲ್ಲೊಂದು ಸೂಕ್ಷ್ಮ ನೋಡ್ರಿ. 371ಜೆ ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಮಂಡಳಿ ಆಯ್ತು. ಈಗಿನ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ತಾಲೂಕುವಾರು ಹಣ ಹಂಚೋಕೆ ಅದು ಆಧಾರ ಮಾಡಿಕೊಂಡದ್ದು ನಂಜುಂಡಪ್ಪ ಸೂಚ್ಯಂಕವನ್ನೇ. ಅಂದ್ರೆ ಆ ಅಂಕಿ ಹುಟ್ಟಿದಾಗ ಶಾಲೆಗೇ ಸೇರಿರದ ನಾವು ಕೆಲಸಕ್ಕೆ ಸೇರೋ ವಯಸ್ಸಿಗೆ ಬಂದರೂ, ನಮ್ಮೂರಿನ ಹಣ ನಿರ್ಧಾರ ಆಗ್ತಿದ್ದದ್ದು ಆ ಹಳೇ ಅಂಕಿಯಿಂದ. ಆಗ ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳೇ ಆಗಿರಲಿಲ್ಲ. ಹೊಸ ಅಳತೆಗೆ ಅಂತ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಇದರ ಸುದ್ದಿ ಬಂದಾಗ ಸ್ಕ್ರಾಲ್ ಮಾಡಿ ಮುಂದೆ ಹೋಗಬೇಡಿ. ನಿಮ್ಮ ತಾಲೂಕಿನ ಮುಂದಿನ ಹಲವು ವರ್ಷದ ಹಣದ ಪಾಲು ಇಂಥ ವರದಿಗಳ ಒಂದು ಕೋಷ್ಟಕದಲ್ಲಿ ಕೂತಿರುತ್ತೆ.

ಯಾರ ಆದಾಯ ಯಾರ ಲೆಕ್ಕಕ್ಕೆ?

ಈಗ ನನ್ನ ಬಿಕಾಂ ತಲೆ ಕೆಲಸ ಮಾಡೋ ಜಾಗ. ಸರ್ಕಾರ ಪ್ರತಿ ಜಿಲ್ಲೆಗೂ ಆಂತರಿಕ ಉತ್ಪನ್ನ ಲೆಕ್ಕ ಹಾಕುತ್ತೆ. ಅದನ್ನ ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ. ಅದರಲ್ಲಿ ಬೆಂಗಳೂರು ನಗರ ಜಿಲ್ಲೆಯೇ ಎಲ್ಲರಿಗಿಂತ ಮೇಲೆ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದೊಂದೇ ಜಿಲ್ಲೆಯದು.

ಆದ್ರೆ ಈ ಆಂತರಿಕ ಅನ್ನೋ ಪದ ಗಮನಿಸಿ. ಮೌಲ್ಯ ಎಲ್ಲಿ ಹುಟ್ಟಿತು ಅನ್ನೋದು ಇಲ್ಲಿ ಲೆಕ್ಕ, ಯಾರ ಜೇಬಿಗೆ ಹೋಯಿತು ಅನ್ನೋದಲ್ಲ. ಗಿಣಿಗೇರಿ ಸುತ್ತಮುತ್ತ ಉಕ್ಕು, ಬೀಡುಕಬ್ಬಿಣದ ಕಾರ್ಖಾನೆಗಳಿವೆ. ಅಲ್ಲಿ ಹುಟ್ಟಿದ ಮೌಲ್ಯವೆಲ್ಲ ಕೊಪ್ಪಳ ಜಿಲ್ಲೆಯ ಖಾತೆಗೆ. ಅದರಲ್ಲಿ ಕೂಲಿ, ಸಂಬಳ, ಸ್ಥಳೀಯ ಲಾರಿ ಬಾಡಿಗೆ ಇಲ್ಲಿ ಉಳಿಯಬಹುದು. ಲಾಭ ಹೋಗೋದು ಷೇರುದಾರರು ಎಲ್ಲಿದ್ದಾರೋ ಅಲ್ಲಿಗೆ. ಪುಸ್ತಕದಲ್ಲಿ ಕೊಪ್ಪಳದ ಮನುಷ್ಯ ಶ್ರೀಮಂತ, ಜೇಬಿನಲ್ಲಿ ಅಲ್ಲ.

ಈಗ ಇದನ್ನೇ ತಿರುಗಿಸಿ. ಕುಷ್ಟಗಿ ತಾಲೂಕಿನ ಗಾರೆ ಕೆಲಸದವ ಬೆಂಗಳೂರಿನಲ್ಲಿ ಹನ್ನೊಂದನೇ ಅಂತಸ್ತಿಗೆ ಸ್ಲ್ಯಾಬ್ ಹಾಕ್ತಿದ್ದಾನೆ. ಅವನ ದುಡಿಮೆ ಬೆಂಗಳೂರಿನ ಅಂಕಿ ಏರಿಸುತ್ತೆ. ಶನಿವಾರ ಅವನು ಫೋನ್‌ಪೇಯಲ್ಲಿ ಅವ್ವನಿಗೆ ಕಳಿಸೋ ದುಡ್ಡು ಕುಷ್ಟಗಿಯಲ್ಲಿ ರೇಷನ್ನು, ಔಷಧಿ, ತಂಗಿಯ ಕಾಲೇಜು ಫೀಸು ಆಗುತ್ತೆ. ಆದ್ರೆ ಕೊಪ್ಪಳ ಜಿಲ್ಲೆಯ ಉತ್ಪನ್ನದಲ್ಲಿ ಆ ರವಾನೆಗೆ ಜಾಗ ಇಲ್ಲ. ಅಂದ್ರೆ ಬೆಂಗಳೂರಿನ ನಂಬರ್ ಒನ್ ಪಟ್ಟದಲ್ಲಿ ನಮ್ಮ ತಾಲೂಕುಗಳ ಬೆವರು ಇದೆ, ಹೆಸರಿಲ್ಲ. ವಾಯ್ಸ್ ನೋಟ್ ಕಳಿಸಿದ ತಮ್ಮಾ, ನಿನ್ನ ದುಡಿಮೆಯೂ ಆ ಲೆಕ್ಕದಲ್ಲೇ ಐತಿ.

ಎರಡನೇ ತೂತು ಗಡಿಯದು. ಹುಲಿಗಿ ಕೊಪ್ಪಳ ತಾಲೂಕಿನದು. ಆದ್ರೆ ನಮಗೆ ಜವಳಿ ಬೇಕಾದ್ರೆ, ದವಾಖಾನೆಗೆ ಹೋಗಬೇಕಾದ್ರೆ, ಹೆಚ್ಚಾಗಿ ಹೊಳೆ ದಾಟಿ ಹೊಸಪೇಟೆಗೆ ಹೋಗ್ತೀವಿ. ಅದು ಈಗ ವಿಜಯನಗರ ಜಿಲ್ಲೆ. ದುಡಿಯೋದು ಒಂದು ಜಿಲ್ಲೆ, ಖರ್ಚು ಮಾಡೋದು ಇನ್ನೊಂದು ಜಿಲ್ಲೆ. ಹೊರದೇಶಗಳಲ್ಲಿ ಇದಕ್ಕೆ ಒಂದು ದಾರಿ ಇದೆ: ಜನ ದಿನಾ ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಓಡಾಡ್ತಾರೆ ಅಂತ ನೋಡಿ, ಅಷ್ಟನ್ನೂ ಸೇರಿಸಿ ಒಂದೇ ನಗರ ಪ್ರದೇಶ ಅಂತ ಲೆಕ್ಕ ಹಿಡೀತಾರೆ. ಹಾಗೆ ಮಾಡಿದ್ರೆ ಹೊಸಪೇಟೆ, ಮುನಿರಾಬಾದ್, ಹುಲಿಗಿ, ಗಿಣಿಗೇರಿ, ಕೊಪ್ಪಳ ಎಲ್ಲ ಸೇರಿ ಒಂದೇ ಪಟ್ಟಿಯಂತೆ ಕಾಣುತ್ತೆ. ಕಾಗದದ ಮೇಲೆ ಮಾತ್ರ ಬೇರೆ ಬೇರೆ ತುಂಡು.

ಹುಲಿಗಿ ಯಾವತ್ತು ನಗರ, ಯಾವತ್ತು ಹಳ್ಳಿ?

ಮೂರನೇ ತೂತು ನನಗೆ ತುಂಬಾ ಇಷ್ಟದ್ದು, ಯಾಕಂದ್ರೆ ಅದು ನಮ್ಮೂರಿನದೇ.

ಜನಗಣತಿ ಪ್ರಕಾರ ಒಂದು ಊರು ಪಟ್ಟಣ ಅನ್ನಿಸ್ಕೋಬೇಕಾದ್ರೆ ಕನಿಷ್ಠ 5,000 ಜನ ಇರಬೇಕು, ದುಡಿಯೋ ಗಂಡಸರಲ್ಲಿ ಮುಕ್ಕಾಲು ಪಾಲು ಕೃಷಿ ಬಿಟ್ಟು ಬೇರೆ ಕೆಲಸದಲ್ಲಿರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು. ಲೆಕ್ಕ ಹಿಡಿಯೋದು ವಾಸ ಇರೋರನ್ನ, ಅಂದ್ರೆ ರಾತ್ರಿ ಅಲ್ಲೇ ಮಲಗೋರನ್ನ.

ಈಗ ಹುಲಿಗಿಗೆ ಬರ್‍ರಿ. ಸೋಮವಾರ ಬಂದ್ರೆ ಹೊಳೆ ದಂಡೆಯ ಒಂದು ಸಾಧಾರಣ ಊರು. ಮಂಗಳವಾರ, ಶುಕ್ರವಾರ ಬಂದ್ರೆ ನಿಲ್ಲೋಕೆ ಜಾಗ ಇಲ್ಲ. ಹುಣ್ಣಿಮೆ ದಿನ, ಜಾತ್ರೆ ದಿನ ಬಂದ್ರೆ ಅದು ಊರಲ್ಲ, ನಗರ. ಮುನಿರಾಬಾದ್ ಸ್ಟೇಷನ್ನಿನಲ್ಲಿ ರೈಲಿಳಿದು ಬರೋರು, ಬಸ್ಸಿನೋರು, ಟ್ರ್ಯಾಕ್ಟರಿನ ತುಂಬ ಬರೋರು, ಟಂಟಂನವರು, ಪಾದಯಾತ್ರೆಯವರು. ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಬರ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಸಂಖ್ಯೆ ಹೇಗೆ ಏರಿತು ಅಂತ ಅಂಗಡಿ ಇಟ್ಟೋರನ್ನ ಕೇಳಿದ್ರೆ ಸಾಕು. ಉಡಿ ತುಂಬೋ ಸಾಮಾನಿನ ಅಂಗಡಿಯ ಅಕ್ಕ ಒಬ್ಬರು ನನಗೆ ಹೇಳಿದ ಮಾತು: "ತಮ್ಮಾ, ನಮಗ ತಿಂಗಳಿಗೆ ಮೂವತ್ತು ದಿನ ಇಲ್ಲಪಾ. ವಾರಕ್ಕ ಎರಡು ದಿನ, ಮ್ಯಾಲೊಂದು ಹುಣ್ಣಿಮಿ. ಅಷ್ಟರಾಗ ತಿಂಗಳ ದುಡಕೋಬೇಕು."

ಇದು ಇಡೀ ಒಂದು ಅರ್ಥಶಾಸ್ತ್ರದ ಪಾಠ. ಸೂಚ್ಯಂಕಗಳು ವರ್ಷದ ಸರಾಸರಿ ನೋಡ್ತವೆ. ಹುಲಿಗಿಯ ವ್ಯಾಪಾರ ಸರಾಸರಿ ಮೇಲೆ ನಡೆಯಲ್ಲ, ಏರಿಳಿತದ ಮೇಲೆ ನಡೆಯುತ್ತೆ. ಕಾಯಿ-ಕರ್ಪೂರ, ಹಸಿರು ಬಳೆ, ಭಂಡಾರ, ಮಂಡಕ್ಕಿ-ಮಿರ್ಚಿ, ಆಟಿಕೆ, ಪಾರ್ಕಿಂಗ್ ಎಲ್ಲ ಆ ಕೆಲವೇ ದಿನಗಳಲ್ಲಿ. ಆದ್ರೆ ಪಂಚಾಯಿತಿಗೆ ಬರೋ ಅನುದಾನದ ಲೆಕ್ಕದಲ್ಲಿ ದೊಡ್ಡ ಅಂಶ ಜನಸಂಖ್ಯೆ, ಅಂದ್ರೆ ಊರಲ್ಲಿ ವಾಸ ಇರೋರ ಸಂಖ್ಯೆ. ಕಸ ಹಾಕೋರು, ನೀರು ಕುಡಿಯೋರು, ಶೌಚಾಲಯ ಹುಡುಕೋರು ಲಕ್ಷ ಇದ್ದರೂ ಲೆಕ್ಕಕ್ಕೆ ಸಿಗೋರು ಊರಿನೋರು ಮಾತ್ರ. ಗುಡಿ ಮುಜರಾಯಿ ಇಲಾಖೆಗೆ ಸೇರಿದ್ದು. ಹುಂಡಿ ಎಣಿಕೆ ದೊಡ್ಡ ಸುದ್ದಿಯಾಗುತ್ತೆ. ಆದ್ರೆ ಹುಂಡಿ ಬೇರೆ ಖಾತೆ, ಊರಿನ ಚರಂಡಿ ಬೇರೆ ಖಾತೆ. ಹುಣ್ಣಿಮೆ ಮರುದಿನ ಹೊಳೆ ದಂಡೆ ನೋಡಿದೋರಿಗೆ ಇದರ ಅರ್ಥ ವಿವರಿಸಬೇಕಿಲ್ಲ.

ಇನ್ನೊಂದು ಲೆಕ್ಕ ಸೋರಿಕೆಯದು. ನೂರು ರೂಪಾಯಿ ಹುಲಿಗಿಯಲ್ಲಿ ಖರ್ಚಾದ್ರೆ ಎಷ್ಟು ಇಲ್ಲೇ ಸುತ್ತುತ್ತೆ? ಮಿರ್ಚಿ ತಿಂದ್ರೆ ಬಹುಪಾಲು ಇಲ್ಲೇ. ಗಾಜಿನ ಬಳೆ ಕೊಂಡ್ರೆ ಅಂಗಡಿಯವರ ಲಾಭ ಮಾತ್ರ ಇಲ್ಲಿ, ಗಾಜಿನ ಬಳೆಗೆ ಹೆಸರಾದದ್ದು ದೂರದ ಫಿರೋಜಾಬಾದ್. ಪ್ಲಾಸ್ಟಿಕ್ ಆಟಿಕೆ ಕೊಂಡ್ರೂ ಅಷ್ಟೇ. ವಿಚಿತ್ರ ನೋಡ್ರಿ, ಜಿಐ ಮಾನ್ಯತೆ ಇರೋ ಕಿನ್ನಾಳದ ಗೊಂಬೆ ಹುಟ್ಟೋದು ನಮ್ಮ ತಾಲೂಕಿನಲ್ಲೇ. ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 40 ಸಾವಿರ ಉದ್ಯೋಗದ ಗುರಿ ಹೇಳಿದ್ರು. ಲಕ್ಷಾಂತರ ಗಿರಾಕಿ ತಾವಾಗೇ ಬರೋ ಜಾತ್ರೆ ಇಲ್ಲೇ ಇದೆ. ಗೊಂಬೆ ಮಾಡೋರಿಗೂ ಗೊಂಬೆ ಕೊಳ್ಳೋರಿಗೂ ನಡುವೆ ಒಂದು ಗಂಟೆ ದಾರಿಯೂ ಇಲ್ಲ. ಈ ಎರಡನ್ನ ಜೋಡಿಸೋದೇ ಪೈಪೋಟಿ ಸಾಮರ್ಥ್ಯ. ಇದಕ್ಕೆ ಸಾವಿರ ಕೋಟಿ ಬೇಡ. ಜಾತ್ರೆಯಲ್ಲಿ ಕಿನ್ನಾಳದವರಿಗೆ ಒಂದು ಸಾಲು ಮಳಿಗೆ, ಜೇಬಿಗೆ ಹೊಂದೋ ಬೆಲೆಯ ಸಣ್ಣ ಗೊಂಬೆ, ಒಂದು ಕ್ಯೂಆರ್ ಕೋಡ್ ಸಾಕು.

ನೀರು, ರೈಲು, ಗಾಳಿ

ಇನ್ನು ಸೂಚ್ಯಂಕದಲ್ಲಿ ಕಷ್ಟಪಟ್ಟು ಹುಡುಕಬೇಕಾದ ಮೂರು ವಿಷಯ.

ಮೊದಲನೇದು ಅಪಾಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೇದರ ಚೈನು ಕಡಿದು ಗೇಟೇ ಕೊಚ್ಚಿಹೋಯ್ತು. ಒಂದು ವಾರ ಇಡೀ ಭಾಗ ಉಸಿರು ಹಿಡಿದು ನಿಂತಿತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದಾಗ ಕಾರ್ಮಿಕರನ್ನ ಜನ ವೀರರ ಹಾಗೆ ನೋಡಿದ್ರು. ಗಂಗಾವತಿಯ ಮಿಲ್ಲು, ಬ್ಯಾಂಕ್ ಸಾಲ, ಹಮಾಲರ ಕೂಲಿ ಎಲ್ಲ ಒಂದು ಚೈನಿಗೆ ನೇತುಬಿದ್ದಿತ್ತು. ಒಂದೇ ಬೆಳೆ, ಒಂದೇ ಡ್ಯಾಂ ಮೇಲೆ ನಿಂತ ಊರು ಎಷ್ಟೇ ಮಾರ್ಕ್ಸ್ ತಗೊಂಡ್ರೂ ಅದು ಸಾಲದ ಮೇಲಿನ ಸಿರಿತನ.

ಎರಡನೇದು ಕಾಯುವಿಕೆ. ಮುನಿರಾಬಾದ್-ಮಹಬೂಬ್‌ನಗರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ. ಕೊಪ್ಪಳ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಲಕ್ಷ ಜನ ಇರೋ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಗದಗ-ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಕಂಡದ್ದು 2025ರ ಮೇ ತಿಂಗಳಲ್ಲಿ. ಒಂದು ತಲೆಮಾರು ಕಾಯೋದರಲ್ಲೇ ಮುಗೀತು. ಪೈಪೋಟಿಯಲ್ಲಿ ಹಿಂದೆ ಬಿದ್ದಿದ್ದೀರಿ ಅಂತ ಊರಿಗೆ ಹೇಳೋ ಮುಂಚೆ, ಓಡೋಕೆ ಟ್ರ್ಯಾಕ್ ಯಾವಾಗ ಕೊಟ್ರಿ ಅಂತಲೂ ಕೇಳಬೇಕು.

ಮೂರನೇದು ಗಾಳಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ ಬಲ್ದೋಟಾ ಸಮೂಹ ಕೊಪ್ಪಳದಲ್ಲಿ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಘೋಷಿಸಿತು. ಯಾವ ಸೂಚ್ಯಂಕದಲ್ಲಾದ್ರೂ ಇದು ಜಿಲ್ಲೆಗೆ ಭರ್ಜರಿ ಅಂಕ. ಅದೇ ತಿಂಗಳ 24ಕ್ಕೆ ಕೊಪ್ಪಳ ಬಂದ್ ಆಯ್ತು. ಗವಿಮಠದ ಸ್ವಾಮೀಜಿ ಮುಂದಾಳತ್ವದಲ್ಲಿ ಸಾವಿರಾರು ಜನ ಬೀದಿಗಿಳಿದು ಈ ಕಾರ್ಖಾನೆ ಊರ ಪಕ್ಕ ಬೇಡ ಅಂದ್ರು. ಉದ್ಯೋಗ ಬೇಕು ಅನ್ನೋರೂ ನಮ್ಮ ಮನೆಯೋರೇ, ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೆ ಕರಿ ಧೂಳು ಕೂರುತ್ತೆ ಅನ್ನೋರೂ ನಮ್ಮ ಮನೆಯೋರೇ. ಒಂದೇ ಮನೆಯಲ್ಲಿ ಎರಡೂ ಮಾತು ಕೇಳಿದೀನಿ.

ನನ್ನ ಅಭಿಪ್ರಾಯ ಹೇಳಬೇಕು ಅಂದ್ರೆ, ಈ ಜಗಳ ಅಭಿವೃದ್ಧಿ ಬೇಕಾ ಬೇಡ್ವಾ ಅನ್ನೋದಲ್ಲ. ಆವಾಗಲೇ ಕ್ಯಾಲ್ಕುಲೇಟರಿನಲ್ಲಿ ಮಾಡಿದ ಮೂರನೇ ಹಂತದ ಜಗಳ. ಹೂಡಿಕೆಗೆ ಎಷ್ಟು ತೂಕ, ಉಸಿರಿಗೆ ಎಷ್ಟು ತೂಕ? ಎಲ್ಲೋ ಕೂತು ತೂಕ ಹಾಕಿದ್ರೆ ಊರು ಬೀದಿಗೆ ಬಂದು ತನ್ನ ತೂಕ ತಾನೇ ಹಾಕುತ್ತೆ. ಅದನ್ನ ಮೊದಲೇ ಕೇಳೋದು ಎಲ್ಲರಿಗೂ ಅಗ್ಗ.

ನಿಮ್ಮೂರನ್ನ ನೀವೇ ಅಳೀರಿ

ಕೊನೆಗೆ ಒಂದು ಸಣ್ಣ ಮನೆಗೆಲಸ. ಹೊಸ ಜನಗಣತಿಯ ಅಂಕಿ ಬರೋವರೆಗೂ 2011ರ ಲೆಕ್ಕದಲ್ಲೇ ನಮ್ಮ ಗುಣಾಕಾರ-ಭಾಗಾಕಾರ ನಡೆಯುತ್ತೆ. ಅಲ್ಲಿವರೆಗೆ ಸುಮ್ಮನೆ ಕೂರೋದು ಬೇಡ. ಐದು ಪ್ರಶ್ನೆ ಬರ್ಕೊಳ್ರಿ.

ಒಂದು, ನಿಮ್ಮ ಎಸ್‌ಎಸ್‌ಎಲ್‌ಸಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಜನ ಈಗ ತಾಲೂಕಿನೊಳಗೇ ದುಡೀತಿದ್ದಾರೆ? ಎರಡು, ಹೊರಗೆ ಹೋದೋರಲ್ಲಿ ವಾಪಸ್ ಬಂದು ಏನಾದ್ರೂ ಶುರು ಮಾಡಿದೋರು ಎಷ್ಟು? ಮೂರು, ನಿಮ್ಮೂರಲ್ಲಿ ಹೊಸ ಅಂಗಡಿಗೆ ಲೈಸೆನ್ಸ್, ಕರೆಂಟ್ ಮೀಟರ್ ಎಷ್ಟು ದಿನಕ್ಕೆ ಸಿಗುತ್ತೆ, ಎಷ್ಟು ಸಲ ಅಲೆದಾಟ? ನಾಲ್ಕು, ಕತ್ತಲಾದ ಮೇಲೆ ಕೆಲಸ ಮುಗಿಸಿದ ಹೆಣ್ಣುಮಗಳಿಗೆ ಮನೆಗೆ ಹೋಗೋಕೆ ಬಸ್ಸು ಇದೆಯಾ? ಐದು, ನಿಮ್ಮೂರಲ್ಲಿ ಬೆಳೆದದ್ದು ಕಚ್ಚಾ ಮಾಲಾಗೇ ಲಾರಿ ಹತ್ತುತ್ತಾ, ಇಲ್ಲಾ ಏನಾದ್ರೂ ಆಗಿ ಹೋಗುತ್ತಾ?

ಮೊದಲ ಎರಡಕ್ಕೆ ನಾನು ಹೆಚ್ಚು ತೂಕ ಕೊಡ್ತೀನಿ. ಹೂಡಿಕೆದಾರರು ಬರೋದು ಹೋಗೋದು ಅವರ ಲೆಕ್ಕ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಹುಡುಗಿ ಇಲ್ಲೇ ಇರಬಹುದು ಅಂತ ಅನ್ಕೊಳ್ತಾರಾ ಅನ್ನೋದೇ ಊರಿನ ನಿಜವಾದ ಅಂಕ. ಹೋಗೋದು ತಪ್ಪಲ್ಲ. ಆದ್ರೆ ಹೋಗೋದು ಆಯ್ಕೆ ಆಗಿರಬೇಕು, ಬೇರೆ ದಾರಿ ಇಲ್ಲ ಅಂತ ಆಗಬಾರದು.

ಈ ಐದಕ್ಕೂ ನಿಮ್ಮೂರಿನ ಉತ್ತರ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸ್ರಿ, ಊರಿನ ಹೆಸರು ಮರೀಬೇಡ್ರಿ. ಬಂದದ್ದನ್ನೆಲ್ಲ ಸೇರಿಸಿ ಕೊಪ್ಪಳ ಜಿಲ್ಲೆಯ ನಮ್ಮದೇ ಒಂದು ಪಟ್ಟಿ ಮಾಡೋಣ. ತೂಕ ಎಷ್ಟು ಹಾಕಿದ್ವಿ ಅಂತ ಮೊದಲೇ ಹೇಳಿ, ಆಮೇಲೆ ನಂಬರ್ ಹೇಳೋಣ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ. ಬರ್ತೀನ್ರಿ.